ಕೋಲಾಡ್‌ನಿಂದ ಏಕೆ?

2025ರ ಗಣೇಶ ಚತುರ್ಥಿಯ ಸಂದರ್ಭದಲ್ಲಿ ಕೊಂಕಣ ರೈಲ್ವೆಯು ಭಾರತದ ರೈಲು ಪ್ರಯಾಣಿಕರಿಗೆ ಹೊಸದೆನಿಸುವ ಒಂದು ಪ್ರಯೋಗವನ್ನು ಕೈಗೊಂಡಿತು. ಸ್ವಂತ ಕಾರು ಉಳ್ಳವರು ಕಾರನ್ನು ರೈಲಿನ ಮೇಲೆ ಏರಿಸಿ, ತಾವು ಅದೇ ರೈಲಿಗೆ ಜೋಡಿಸಿದ ಬೋಗಿಯಲ್ಲಿ ಕುಳಿತು ಗೋವೆಯತ್ತ ಪಯಣಿಸಬಹುದು ಎಂಬುದು ಅದರ ಸಾರ. ಆಗಸ್ಟ್ 23ರಂದು ರಾಯಗಡ ಜಿಲ್ಲೆಯ ಕೋಲಾಡ್‌ನಿಂದ ಮೊದಲ ರೈಲು ಹೊರಟಿತು. ಕೊನೆಯ ನಿಲ್ದಾಣ ಗೋವೆಯ ವೆರ್ಣಾ. ಒಂದು ರೈಲಿಗೆ 40 ಕಾರುಗಳು, ಒಂದು ಕಾರಿಗೆ 7,875 ರೂಪಾಯಿ, ಸಂಜೆ ಐದಕ್ಕೆ ಹೊರಟು ಮರುದಿನ ಬೆಳಗಿನ ಐದಕ್ಕೆ ತಲಪುವ ವೇಳಾಪಟ್ಟಿ. 16 ಕಾರುಗಳಾದರೂ ಕಾಯ್ದಿರಿಸದಿದ್ದರೆ ಆ ಸಂಚಾರ ರದ್ದು ಎಂಬ ಷರತ್ತೂ ಇತ್ತು. ಪತ್ರಿಕೆಗಳು ಉತ್ಸಾಹದಿಂದ ಬರೆದವು. ಕಾರುಗಳು ಮಾತ್ರ ಬರಲಿಲ್ಲ. ಕಾಯ್ದಿರಿಸುವಿಕೆ ಎಷ್ಟು ನೀರಸವಾಗಿತ್ತೆಂದರೆ, ನಡುವೆ ಸಿಂಧುದುರ್ಗ ಜಿಲ್ಲೆಯ ನಾಂದಗಾಂವ್ ರೋಡ್‌ನಲ್ಲಿ ಒಂದು ನಿಲುಗಡೆಯನ್ನು ಸೇರಿಸಿ, ಅಲ್ಲಿಗೆ ಕಡಿಮೆ ದರವನ್ನು ಪ್ರಕಟಿಸಬೇಕಾಯಿತು. ಆ ಮೇಲೂ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ.

ಇದನ್ನು ಕಂಡು ಅನೇಕರು ಒಂದು ತೀರ್ಪಿಗೆ ಬಂದರು. ಭಾರತದ ಕಾರುಳ್ಳವನಿಗೆ ಇಂಥ ಸೇವೆ ಬೇಕಿಲ್ಲ, ಅವನಿಗೆ ತನ್ನ ಕಾರನ್ನು ತಾನೇ ಓಡಿಸುವುದರಲ್ಲಿಯೇ ಸುಖ, ಇದೆಲ್ಲ ವಿದೇಶದ ಅನುಕರಣೆ ಎಂದು. ಈ ತೀರ್ಪು ಅವಸರದ್ದು. ಕಲ್ಪನೆಯಲ್ಲಿ ದೋಷವಿದೆಯೆಂದು ಹೇಳುವ ಮೊದಲು ರೈಲು ಹೊರಟ ಜಾಗವನ್ನೊಮ್ಮೆ ನೋಡಬೇಕು.

ಕೋಲಾಡ್ ಚೆಲುವಾದ ಊರು. ಕುಂಡಲಿಕಾ ನದಿಯ ದಡದಲ್ಲಿದೆ. ಮುಂಬಯಿಯ ಯುವಕರು ಅಲ್ಲಿಗೆ ತೆಪ್ಪದ ಸಾಹಸಕ್ಕೆ ಹೋಗುತ್ತಾರೆ. ಆದರೆ ಮುಂಬಯಿಯಿಂದ ಅದು ಸುಮಾರು 120 ಕಿ.ಮೀ. ದೂರದಲ್ಲಿದೆ. ಅಂಧೇರಿಯಲ್ಲಿಯೋ ಡೊಂಬಿವಲಿಯಲ್ಲಿಯೋ ಇರುವ ಕುಟುಂಬವೊಂದು ಈ ರೈಲನ್ನು ಹಿಡಿಯಬೇಕಾದರೆ ಬೆಳಿಗ್ಗೆಯೇ ಹೊರಡಬೇಕು. ನಗರದ ವಾಹನದಟ್ಟಣೆಯನ್ನು ದಾಟಿ, ಪನವೇಲಿನ ಗೊಂದಲವನ್ನು ದಾಟಿ, ಹತ್ತು ವರ್ಷಗಳಿಗೂ ಮಿಕ್ಕಿ ಚತುಷ್ಪಥವಾಗುತ್ತಲೇ ಇರುವ ಮುಂಬಯಿ–ಗೋವೆ ಹೆದ್ದಾರಿಯ ಅತ್ಯಂತ ಕುಖ್ಯಾತವಾದ ಭಾಗವನ್ನು ದಾಟಿ, ಮಧ್ಯಾಹ್ನ ಎರಡು ಗಂಟೆಗೆ ಕೋಲಾಡ್ ಸೇರಬೇಕು. ಏಕೆಂದರೆ ಮೂರು ಗಂಟೆ ಮುಂಚಿತವಾಗಿ ಹಾಜರಿರಬೇಕೆಂಬುದು ನಿಯಮ. ಮಾರ್ಗದ ಕಷ್ಟವನ್ನೆಲ್ಲ ಉಂಡು ಮುಗಿಸಿದ ಮೇಲೆ, ಬಿಡುವಿನ ದಾರಿ ಆರಂಭವಾಗುವ ಹೊತ್ತಿಗೆ, ಕಾರನ್ನು ರೈಲಿಗೆ ಒಪ್ಪಿಸಬೇಕು. ಊಟವೆಲ್ಲ ಮುಗಿದ ಮೇಲೆ ಬಡಿಸುವವನು ಬಂದಂತೆ.

ಗಣಿತವೂ ಇದೇ ಮಾತನ್ನು ಹೇಳುತ್ತದೆ. ಮುಂಬಯಿಯಿಂದ ಗೋವೆಗೆ ರಸ್ತೆಯಲ್ಲಿ ಸುಮಾರು 600 ಕಿ.ಮೀ.; ಹನ್ನೆರಡು ಹದಿಮೂರು ಗಂಟೆಗಳ ದಾರಿ. ಈ ರೈಲನ್ನು ನೆಚ್ಚಿದವನಿಗೆ ಕೋಲಾಡ್‌ವರೆಗೆ ಮೂರು ನಾಲ್ಕು ಗಂಟೆ, ಅಲ್ಲಿ ಕಾಯುವುದು ಮೂರು ಗಂಟೆ, ರೈಲಿನಲ್ಲಿ ಹನ್ನೆರಡು ಗಂಟೆ. ಒಟ್ಟು ಹದಿನೆಂಟು ಗಂಟೆಗಿಂತ ಕಡಿಮೆಯಿಲ್ಲ. ಹಣದ ಲೆಕ್ಕ ಇನ್ನೂ ಕಠೋರವಾಗಿದೆ. ಕಾರಿನ ದರದ ಜೊತೆಗೆ ಹವಾನಿಯಂತ್ರಿತ ಮೂರನೆಯ ದರ್ಜೆಯಲ್ಲಿ ಇಬ್ಬರಿಗೆ ತಲಾ 935, ಸಾಮಾನ್ಯ ಆಸನದಲ್ಲಿ ಒಬ್ಬನಿಗೆ 190 ರೂಪಾಯಿ ಸೇರಿದರೆ 9,935 ಆಗುತ್ತದೆ. ರೈಲು ಹೊತ್ತೊಯ್ಯುವ ಸುಮಾರು 400 ಕಿ.ಮೀ. ದೂರವನ್ನು ಅದೇ ಕಾರು ತಾನೇ ಓಡಿದರೆ, ಲೀಟರಿಗೆ ಹದಿನೈದು ಕಿ.ಮೀ. ಎಂದು ಹಿಡಿದರೂ, ಪೆಟ್ರೋಲಿಗೆ ಮೂರು ಸಾವಿರ ರೂಪಾಯಿ ತಾಗುವುದಿಲ್ಲ. ಅದಕ್ಕಿಂತ ವಿಚಿತ್ರವಾದುದು ಒಂದು ಕಾರಿಗೆ ಮೂವರೇ ಎಂಬ ಕಟ್ಟಳೆ. ಗಣಪತಿ ಹಬ್ಬಕ್ಕೆ ಊರಿಗೆ ಹೋಗುವ ಕಾರಿನಲ್ಲಿ ಮೂವರಿರುವುದನ್ನು ಕೊಂಕಣದಲ್ಲಿ ಯಾರಾದರೂ ಕಂಡಿದ್ದಾರೆಯೆ? ಗಂಡ ಹೆಂಡತಿ, ಎರಡು ಮಕ್ಕಳು, ಹಿಂದಿನ ಆಸನದ ನಡುವೆ ಕಾಲಿಗೆ ಶಾಲು ಹೊದ್ದು ಕುಳಿತ ಆಜಿ, ಆಜಿಯ ತೊಡೆಯ ಮೇಲೆ ಗೌರಿಯ ಮುಖವಾಡದ ಪೆಟ್ಟಿಗೆ. ಇವರಲ್ಲಿ ಯಾರನ್ನು ಕೋಲಾಡ್‌ನಲ್ಲಿ ಬಿಡಬೇಕು?

ಹಾಗಾದರೆ ಕೋಲಾಡ್ ಏಕೆ? ಉತ್ತರ ನಿಗೂಢವಲ್ಲ. 1999ರ ಜನವರಿ 26ರಿಂದ ಕೊಂಕಣ ರೈಲ್ವೆಯು ಅಲ್ಲಿಂದ ಲಾರಿಗಳನ್ನು ಸಾಗಿಸುತ್ತ ಬಂದಿದೆ. ಸರಕು ತುಂಬಿದ ಲಾರಿ ಇಳಿಜಾರು ಕಟ್ಟೆಯ ಮೂಲಕ ಚಪ್ಪಟೆ ವ್ಯಾಗನ್ನಿನ ಮೇಲೆ ಏರುತ್ತದೆ, ಚಾಲಕ ತನ್ನ ಕ್ಯಾಬಿನ್ನಿನಲ್ಲಿಯೇ ಮಲಗುತ್ತಾನೆ, ವೆರ್ಣಾದಲ್ಲಿಯೋ ಮುಂದೆ ಕರ್ನಾಟಕದ ಸುರತ್ಕಲ್ಲಿನಲ್ಲಿಯೋ ಇಳಿದು ಹೋಗುತ್ತಾನೆ. ಡೀಸೆಲ್ ಉಳಿಯುತ್ತದೆ, ಟೈರು ಸವೆಯುವುದಿಲ್ಲ, ಘಟ್ಟದ ತಿರುವುಗಳ ಅಪಾಯವಿಲ್ಲ. ಆ ಸೇವೆ ಗೆದ್ದಿತು, ಇಂದಿಗೂ ನಡೆದಿದೆ. ಅದಕ್ಕೆ ಕೋಲಾಡ್ ಸರಿಯಾದ ಜಾಗವೇ ಆಗಿತ್ತು. ಲಾರಿಯವನಿಗೆ ನಿಲ್ದಾಣದಲ್ಲಿ ವಿಶ್ರಾಂತಿಗೃಹ ಬೇಕೆಂದು ಯಾರೂ ಯೋಚಿಸುವುದಿಲ್ಲ (ಯೋಚಿಸಬೇಕಿತ್ತು ಎಂಬುದು ಬೇರೆ ಮಾತು). ಅವನು ಹೆದ್ದಾರಿಯಲ್ಲಿ ಎಲ್ಲಿಂದಲೋ ಬರುತ್ತಾನೆ, ನೂರು ಕಿ.ಮೀ. ಹೆಚ್ಚು ಕಡಿಮೆ ಅವನ ಮಾಲೀಕನ ಲೆಕ್ಕದಲ್ಲಿ ಕರಗಿಹೋಗುತ್ತದೆ. ಈಗ ಅದೇ ಕಟ್ಟೆ, ಅದೇ ಹಳಿ, ಅದೇ ಸಿಬ್ಬಂದಿ ಸಿದ್ಧವಿರುವಾಗ ಕಾರಿಗೂ ಅಲ್ಲಿಂದಲೇ ಎಂದು ತೀರ್ಮಾನಿಸಲಾಯಿತು. ಕಟ್ಟೆ ಇದ್ದಲ್ಲಿಗೆ ಜನ ಬರಲಿ ಎಂದಾಯಿತೇ ಹೊರತು ಜನ ಇದ್ದಲ್ಲಿ ಕಟ್ಟೆ ಕಟ್ಟಬೇಕೆಂದು ತೋಚಲಿಲ್ಲ.

ಎರಡನೆಯ ಕಾರಣ ಇನ್ನೂ ಗಮನಾರ್ಹವಾದುದು. ಕೊಂಕಣ ರೈಲ್ವೆಯ ಆಡಳಿತದ ಗಡಿ ರೋಹಾದಿಂದ ಆರಂಭವಾಗುತ್ತದೆ. ಕರ್ನಾಟಕದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಅದರದು. ರೋಹಾಕ್ಕೆ ಉತ್ತರದಲ್ಲಿ ಪನವೇಲಿನವರೆಗಿನ ಹಳಿ ಮಧ್ಯ ರೈಲ್ವೆಯದು. ರೋಹಾ ದಾಟಿದೊಡನೆ ಸಿಗುವ ತನ್ನ ಮೊದಲ ನಿಲ್ದಾಣದಿಂದ ಕೊಂಕಣ ರೈಲ್ವೆಯು ರೈಲು ಹೊರಡಿಸಿತು. ತನ್ನ ಮನೆಯ ಅಂಗಳದಲ್ಲಿ ತಾನು ಮಂಟಪ ಹಾಕಿದಂತೆ ಇದು ಸಹಜವೇ. ಆದರೆ ಪ್ರಯಾಣಿಕನಿಗೆ ರೋಹಾದಲ್ಲಿ ಯಾವ ಗಡಿಯೂ ಕಾಣುವುದಿಲ್ಲ. ಅಕ್ಕಲಕೋಟೆಯ ವಿದ್ಯಾರ್ಥಿಗೆ, ಜತ್ತಿನ ರೈತನಿಗೆ, ಆದೋನಿಯ ವ್ಯಾಪಾರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಕಚೇರಿಯ ಗಡಿ ಒಂದು, ಬಾಳಿನ ದಾರಿ ಇನ್ನೊಂದು ಎಂಬುದನ್ನು ಅವರು ಬಸ್ಸಿನ ಪಾಸಿನಲ್ಲಿ, ಶಾಲೆಯ ದಾಖಲೆಯಲ್ಲಿ, ಪಡಿತರ ಚೀಟಿಯಲ್ಲಿ ದಿನವೂ ಓದುತ್ತಾರೆ.

ಕಾರು ಹೊರುವ ಪ್ರಯಾಣಿಕ ರೈಲಿನ ವಿಷಯದಲ್ಲಿ ಜಗತ್ತಿನಲ್ಲಿ ಎಲ್ಲರೂ ಉದಾಹರಿಸುವುದು ಅಮೆರಿಕದ ‘ಆಟೋ ಟ್ರೇನ್’. ವರ್ಜೀನಿಯಾ ರಾಜ್ಯದ ಲಾರ್ಟನ್ ಎಂಬ ಸಣ್ಣ ಊರಿನಿಂದ ಫ್ಲೋರಿಡಾದ ಸ್ಯಾನ್‌ಫರ್ಡ್‌ಗೆ ಅದು ಓಡುತ್ತದೆ. 855 ಮೈಲಿ, ಎಂದರೆ ಸುಮಾರು 1,376 ಕಿ.ಮೀ. ಯೂಜೀನ್ ಗಾರ್ಫೀಲ್ಡ್ ಎಂಬಾತ 1971ರ ಡಿಸೆಂಬರಿನಲ್ಲಿ ಖಾಸಗಿ ಕಂಪನಿಯ ಮೂಲಕ ಇದನ್ನು ಆರಂಭಿಸಿದ. ಅಲ್ಲಿಯೂ ‘ಎಲ್ಲಿಂದ’ ಎಂಬ ಪ್ರಶ್ನೆ ಇತ್ತು. ಪ್ರಯಾಣಿಕರು ಬಹುಮಟ್ಟಿಗೆ ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್ ಸೀಮೆಯವರು. ಹಾಗಿರುವಾಗ ನ್ಯೂಯಾರ್ಕಿನಿಂದಲೇ ಹೊರಡಿಸಬಾರದೇಕೆ? ಕಾರುಗಳನ್ನು ಮೇಲೊಂದು ಕೆಳಗೊಂದು ಅಂತಸ್ತಿನಲ್ಲಿ ಹೊರುವ ಮುಚ್ಚಿದ ವ್ಯಾಗನ್ನುಗಳು ಬಹಳ ಎತ್ತರ. ವಾಷಿಂಗ್ಟನ್ನಿಂದ ಉತ್ತರದ ಹಳೆಯ ಸುರಂಗಗಳಲ್ಲಿ ಅವು ತೂರುವುದಿಲ್ಲ. ಆದುದರಿಂದ ಆ ಇಕ್ಕಟ್ಟು ಮುಗಿಯುವಲ್ಲಿ, ರಾಜಧಾನಿಗೆ ದಕ್ಷಿಣದಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ವಿಶಾಲ ಭೂಮಿ ದೊರಕುವ ಲಾರ್ಟನ್ ಆರಿಸಲ್ಪಟ್ಟಿತು. ಇನ್ನೊಂದು ತುದಿಯ ಸ್ಯಾನ್‌ಫರ್ಡ್ ಮಯಾಮಿಯ ಬಳಿಯಿಲ್ಲ. ಫ್ಲೋರಿಡಾದ ನಡುಭಾಗದಲ್ಲಿ, ಆರ್ಲ್ಯಾಂಡೋ ಸಮೀಪದಲ್ಲಿದೆ. ಅಲ್ಲಿಂದ ರಾಜ್ಯದ ಯಾವ ದಿಕ್ಕಿಗೂ ಕಾರು ತಿರುಗಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಸ್ನಿಯವರ ಬೃಹತ್ ವಿಹಾರಧಾಮವೂ ಆರ್ಲ್ಯಾಂಡೋದ ಬಳಿಯೇ ತೆರೆದಿತ್ತು.

ಗಾರ್ಫೀಲ್ಡನ ಕಂಪನಿ ಮುಂದೆ ಕೆಂಟಕಿಯ ಲೂಯಿವಿಲ್‌ನಿಂದ ಎರಡನೆಯ ಮಾರ್ಗವೊಂದನ್ನು ತೆರೆದು ಕೈಸುಟ್ಟುಕೊಂಡಿತು. 1981ರ ಏಪ್ರಿಲಿನಲ್ಲಿ ಕಂಪನಿಯೇ ಮುಚ್ಚಿತು. ಆದರೆ ಲಾರ್ಟನ್ ಸಾಯಲಿಲ್ಲ. 1983ರ ಅಕ್ಟೋಬರಿನಲ್ಲಿ ಸರ್ಕಾರಿ ಸಂಸ್ಥೆಯಾದ ಆಮ್‌ಟ್ರಾಕ್ ಅದೇ ಎರಡು ತುದಿಗಳ ನಡುವೆ ರೈಲನ್ನು ಮತ್ತೆ ಓಡಿಸಿತು. ಇಂದಿಗೂ ಓಡುತ್ತಿದೆ. ಮಾಲೀಕ ಬದಲಾದ, ಬೋಗಿಗಳು ಬದಲಾದವು, ನಿಲ್ದಾಣದ ಕಟ್ಟಡಗಳು ಹೊಸದಾದವು. ಆರಂಭದ ಜಾಗ ಬದಲಾಗಲಿಲ್ಲ. ಕಂಪನಿಯ ಲೆಕ್ಕ ತಪ್ಪಿರಬಹುದು, ನೆಲದ ಲೆಕ್ಕ ತಪ್ಪಿರಲಿಲ್ಲ.

ಲಾರ್ಟನ್ನಿಗೂ ಕೋಲಾಡಿಗೂ ಮೇಲ್ನೋಟದ ಹೋಲಿಕೆ ಇದೆ. ಎರಡೂ ಮಹಾನಗರದ ಹೊರಗಿನ ಸಣ್ಣ ಊರುಗಳು. ಕೋಲಾಡ್‌ನ ಪರವಾಗಿ ವಾದಿಸುವವರು ಇದನ್ನೇ ಮುಂದೊಡ್ಡುತ್ತಾರೆ. ನ್ಯೂಯಾರ್ಕಿನವರು 400 ಕಿ.ಮೀ. ಕಾರು ಓಡಿಸಿ ಬಂದು ರೈಲು ಹತ್ತುವುದಿಲ್ಲವೇ, ಮುಂಬಯಿಯವರಿಗೆ 120 ಭಾರವೇ ಎಂದು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಓಡಿಸಿದ ದೂರವನ್ನಷ್ಟೇ ನೋಡಿದರೆ ಸಾಲದು, ಉಳಿದ ದೂರವನ್ನೂ ನೋಡಬೇಕು. ನ್ಯೂಯಾರ್ಕಿನವನು 400 ಓಡಿಸಿ 1,376ನ್ನು ಉಳಿಸಿಕೊಳ್ಳುತ್ತಾನೆ. ವಾಷಿಂಗ್ಟನ್ನಿನವನು 30 ಓಡಿಸಿ ಅಷ್ಟನ್ನೇ ಉಳಿಸಿಕೊಳ್ಳುತ್ತಾನೆ. ಉಳಿದ ದಾರಿ ರಸ್ತೆಯಲ್ಲಿ ಒಂದು ದಿನಕ್ಕೆ ಮುಗಿಯುವಂಥದಲ್ಲ. ನಡುವೆ ವಸತಿಗೃಹ ಹಿಡಿಯಲೇಬೇಕು. ರೈಲು ಆ ರಾತ್ರಿಯನ್ನು ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮುಂಬಯಿಯವನು 120 ಓಡಿಸಿ ಉಳಿಸಿಕೊಳ್ಳುವುದು 400 ಮಾತ್ರ. ಅದು ಒಂದು ಹಗಲಿನ ಕೆಲಸ. ಇನ್ನೊಂದು ವ್ಯತ್ಯಾಸವೂ ಇದೆ. ಲಾರ್ಟನ್ನಿನ ಪ್ರಯಾಣಿಕರಲ್ಲಿ ಬಹಳಷ್ಟು ಮಂದಿ ನಿವೃತ್ತರು. ಉತ್ತರದ ಹಿಮವನ್ನು ತಪ್ಪಿಸಿಕೊಂಡು ತಿಂಗಳುಗಟ್ಟಲೆ ಫ್ಲೋರಿಡಾದಲ್ಲಿ ಇರಲು ಹೋಗುವವರು. ಅಷ್ಟು ಕಾಲ ಇರುವವನಿಗೆ ತನ್ನ ಕಾರು ಬೇಕೇ ಬೇಕು. ಐದು ದಿನದ ಗಣಪತಿಗೆ ಹೋಗಿ ಬರುವವನ ಅಗತ್ಯ ಬೇರೆಯೇ.

ಯುರೋಪಿನಲ್ಲಿ ಈ ಬಗೆಯ ಸೇವೆ ಕುಗ್ಗುತ್ತ ಬಂದಿದೆ. ಜರ್ಮನಿಯ ರೈಲ್ವೆ 2016ರ ಕೊನೆಗೆ ತನ್ನ ರಾತ್ರಿ ರೈಲುಗಳನ್ನೇ ಕೈಬಿಟ್ಟಿತು. ಆಸ್ಟ್ರಿಯದ ರೈಲ್ವೆ ಕೆಲವು ಮಾರ್ಗಗಳಲ್ಲಿ ಕಾರು ಸಾಗಣೆಯನ್ನು ಉಳಿಸಿಕೊಂಡಿತು. ಹ್ಯಾಂಬುರ್ಗಿನಲ್ಲಿ ಕಾರು ಏರಿಸುವುದು ಆಲ್ಟೋನಾದಲ್ಲಿ, ನಗರದ ಒಳಗೇ. ಅಲ್ಲಿ ಸಾಧ್ಯವಾದುದು ಎಲ್ಲೆಡೆ ಸಾಧ್ಯವೆಂದಲ್ಲ. ನಗರದೊಳಗೆ ಅದು ಅಸಾಧ್ಯವೆಂಬ ಮಾತು ಮಾತ್ರ ನಿಲ್ಲುವುದಿಲ್ಲ.

ಮುಂಬಯಿಯಲ್ಲಿ ಸುರಂಗದ ಎತ್ತರದ ತೊಡಕೂ ಇಲ್ಲ. ಅಮೆರಿಕದಂತೆ ಅಂತಸ್ತಿನ ಮೇಲೆ ಅಂತಸ್ತು ಪೇರಿಸದೆ, ಒಂದು ವ್ಯಾಗನ್ನಿನ ಮೇಲೆ ಎರಡೇ ಕಾರುಗಳನ್ನು ನಿಲ್ಲಿಸುವ ಪದ್ಧತಿಯಿದು. ವಿದ್ಯುತ್ ತಂತಿಯ ಕೆಳಗೆ ಲಾರಿ ಸಾಗುವ ದಾರಿಯಲ್ಲಿ ಕಾರು ಸಾಗದಿರಲು ಕಾರಣವಿಲ್ಲ. ಪನವೇಲಿನ ಪ್ರಯಾಣಿಕ ನಿಲ್ದಾಣದಲ್ಲಿ ಒಂದು ಇಡೀ ರೈಲನ್ನು ಮೂರು ಗಂಟೆ ನಿಲ್ಲಿಸಿ ಕಾರು ಏರಿಸಲು ಜಾಗವಿಲ್ಲವೆಂಬ ಆಕ್ಷೇಪ ನ್ಯಾಯವಾದುದು, ಅದನ್ನು ಒಪ್ಪಬೇಕು. ಆದರೆ ಪನವೇಲಿಗೆ ತಾಗಿಕೊಂಡೇ ಕಳಂಬೋಲಿ ಇದೆ. ಕಬ್ಬಿಣದ ಪೇಟೆಯಿಂದ ಹೆಸರಾದ ಆ ಊರಿನಲ್ಲಿ ಸರಕು ರೈಲುಗಳ ಹಳಿಗಳಿವೆ, ಲಾರಿಗಳ ನೆಲೆಯಿದೆ, ಮುಂಬಯಿ–ಪುಣೆ ವೇಗದ ಹೆದ್ದಾರಿ ಆರಂಭವಾಗುವುದೇ ಅಲ್ಲಿ. ಮುಂಬಯಿ, ಠಾಣೆ, ನವಿ ಮುಂಬಯಿ, ಪುಣೆ ಈ ನಾಲ್ಕೂ ಕಡೆಯ ಕಾರುಗಳಿಗೆ ಕಳಂಬೋಲಿ ಸಹಜವಾದ ಸಂಗಮ. ಕಾರು ಹೊರುವ ರೈಲು ಮುಂಬಯಿಯ ಪರವಾಗಿ ಹೊರಡಬೇಕಾದುದು ಅಲ್ಲಿಂದ. (ಸೊಲ್ಲಾಪುರದವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಅವರು ಗೋವೆಗೆ ಹೋಗುವುದು ವಿಜಯಪುರ, ಬೆಳಗಾವಿ, ಚೋರ್ಲಾ ಘಟ್ಟದ ಮೇಲೆ. ಅವರಿಗೆ ಕಳಂಬೋಲಿಯೂ ಒಂದೇ, ಕೋಲಾಡೂ ಒಂದೇ.)

ಆರಂಭ ಬದಲಾದರೆ ಸಾಲದು, ಕೊನೆಯೂ ಬದಲಾಗಬೇಕು. ಇದು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಮಾತು. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದಾಗ ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವೆ ಮತ್ತು ಕೇರಳ ತಲಾ 6. ಹಳಿ ಕಾರವಾರ, ಹೊನ್ನಾವರ, ಕುಂದಾಪುರ, ಉಡುಪಿಗಳ ಮೇಲೆ ಹಾದು ಮಂಗಳೂರಿನ ಬಾಗಿಲಿಗೆ ಬರುತ್ತದೆ. ಮುಂಬಯಿಯಲ್ಲಿ ಹೋಟೆಲು ನಡೆಸಿ, ಗಿರಣಿಗಳಲ್ಲಿ ದುಡಿದು, ಬ್ಯಾಂಕುಗಳಲ್ಲಿ ಸೇವೆ ಸಲ್ಲಿಸಿ ನೆಲೆಸಿದ ತುಳು–ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಅವರ ಊರು ಮುಂಬಯಿಯಿಂದ ರಸ್ತೆಯಲ್ಲಿ ಸುಮಾರು 900 ಕಿ.ಮೀ. ಒಂದು ಹಗಲಿನಲ್ಲಿ ಒಬ್ಬನೇ ಓಡಿಸುವ ದೂರವಲ್ಲ ಅದು. ಓಡಿಸುವವರು ಓಡಿಸುತ್ತಾರೆ, ಕೆಲವರು ತಲಪುವುದಿಲ್ಲ. ಅರವತ್ತು ದಾಟಿದ ದಂಪತಿಗಳು ಊರಿನ ಮನೆಯಲ್ಲಿ ಎರಡು ತಿಂಗಳಿದ್ದು ಬರುತ್ತೇವೆ, ದೈವದ ನೇಮ ನೋಡಿ ಮದುವೆಗಳನ್ನು ಮುಗಿಸಿ ಬರುತ್ತೇವೆ ಎಂದು ಹೊರಟರೆ ಅವರಿಗೆ ಅಲ್ಲಿ ಕಾರು ಬೇಕು. ಆದರೆ ಅದನ್ನು ಅಷ್ಟು ದೂರ ಓಡಿಸುವ ಕಣ್ಣು ಮತ್ತು ಸೊಂಟ ಅವರಿಗಿಲ್ಲ. ಲಾರ್ಟನ್ನಿನ ಪ್ರಯಾಣಿಕನಿಗೆ ನಿಜವಾದ ಸಾಟಿ ಇವರು. ಕಳಂಬೋಲಿಯಿಂದ ಸುರತ್ಕಲ್ಲಿಗೆ ಹಳಿಯಲ್ಲಿ 800 ಕಿ.ಮೀ. ಸುಮಾರು. ಸುರತ್ಕಲ್ಲಿನಲ್ಲಿ ಲಾರಿ ಇಳಿಸುವ ವ್ಯವಸ್ಥೆ ಈಗಾಗಲೇ ಇದೆ. ಒಂದು ಕಟ್ಟೆ ಸಿದ್ಧವಿದೆ ಎಂಬ ತರ್ಕವನ್ನೇ ಅನ್ವಯಿಸುವುದಾದರೆ ಇಲ್ಲಿಯೂ ಅನ್ವಯಿಸಬಹುದಾಗಿತ್ತು.

ವೆರ್ಣಾವನ್ನು ಆರಿಸಿದ್ದರಲ್ಲಿ ಇನ್ನೊಂದು ಎಡವಟ್ಟಿದೆ. ಗಣಪತಿಗೆ ಮುಂಬಯಿಯಿಂದ ಹೊರಡುವ ಜನಸಾಗರ ಗೋವೆಗೆ ಹೋಗುವುದಿಲ್ಲ; ರಾಯಗಡ, ರತ್ನಾಗಿರಿ, ಸಿಂಧುದುರ್ಗಗಳ ಹಳ್ಳಿಗಳಿಗೆ ಹೋಗುತ್ತದೆ. ಅವರನ್ನು ಮರಾಠಿಯಲ್ಲಿ ‘ಚಾಕರಮಾನಿ’ ಎನ್ನುವರು. ಕನ್ನಡದ ‘ಚಾಕರಿ’ಯನ್ನು ಬಲ್ಲವರಿಗೆ ಪದದ ಅರ್ಥ ತಾನೇ ಹೊಳೆಯುತ್ತದೆ. ಆ ಪದದಲ್ಲಿ ಸೇವಕನೆಂಬ ಧ್ವನಿಯಿದೆಯೆಂದು ಆಕ್ಷೇಪ ಬಂದುದರಿಂದ, ಸರ್ಕಾರಿ ಬರಹಗಳಲ್ಲಿ ಅದರ ಬದಲು ‘ಕೋಕಣವಾಸಿ’ ಎಂದು ಬಳಸುವಂತೆ ಅದೇ ಆಗಸ್ಟಿನಲ್ಲಿ ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ಅಜಿತ್ ಪವಾರ್ ಸೂಚಿಸಿದರು. ಹೆಸರಿಗೆ ಗೌರವ ದೊರೆಯಿತು. ಆಸನ ದೊರೆಯಿತೆ ಎಂಬುದು ಬೇರೆ ಪ್ರಶ್ನೆ; ಈ ಇಡೀ ಚರ್ಚೆಯಲ್ಲಿ ಮುಖ್ಯವಾದುದೂ ಅದೇ.

ಕೊಂಕಣದ ಬಡವನ ರೈಲೊಂದಿತ್ತು. ದಾದರಿನಿಂದ ರತ್ನಾಗಿರಿಗೆ ಹೋಗುವ ಪ್ಯಾಸೆಂಜರ್. ಕೋವಿಡ್ ಕಾಲದ ನಂತರ ಅದನ್ನು ದಾದರಿಗೆ ಬದಲು ದಿವಾದಿಂದ ಹೊರಡಿಸಲಾಗುತ್ತಿದೆ. ದಾದರ್ ನಗರದ ಹೃದಯ. ಪಶ್ಚಿಮ, ಮಧ್ಯ ಎರಡೂ ಮಾರ್ಗಗಳ ಲೋಕಲ್ ರೈಲುಗಳು ಅಲ್ಲಿ ಕೂಡುತ್ತವೆ. ದಿವಾ ಠಾಣೆಯಾಚೆಯ ಜಂಕ್ಷನ್. ಮೂಟೆ, ಮಗು, ಮುದುಕಿಯರೊಡನೆ ಗೋರೆಗಾಂವಿನಿಂದಲೋ ಬೋರಿವಲಿಯಿಂದಲೋ ಬರುವವನು ಮೊದಲು ಲೋಕಲಿನ ನೂಕುನುಗ್ಗಲಿನಲ್ಲಿ ದಿವಾ ತಲಪಬೇಕು. ದಾದರಿನಿಂದಲೇ ಮತ್ತೆ ಹೊರಡಿಸಿರೆಂಬ ಬೇಡಿಕೆ ಅಂದಿನಿಂದ ಇದೆ.

ಇದನ್ನು ಕೇವಲ ಸೌಕರ್ಯದ ಮಾತೆಂದು ತಳ್ಳಿಹಾಕಬಾರದು. ಕಾಯ್ದಿರಿಸದ ಬೋಗಿಯಲ್ಲಿ ಹೋಗುವವನಿಗೆ ರೈಲು ಹೊರಡುವ ಜಾಗವೊಂದೇ ಹಕ್ಕಿನ ಜಾಗ. ಖಾಲಿ ಬೋಗಿ ಅವನಿಗೆ ಸಿಗುವುದು ಅಲ್ಲಿ ಮಾತ್ರ. ಮುಂದಿನ ಯಾವ ನಿಲ್ದಾಣದಲ್ಲಿ ಹತ್ತಿದರೂ ಅವನು ನಿಲ್ಲಬೇಕು. ಕಾಯ್ದಿರಿಸುವವನಿಗೂ ಇದೇ ನ್ಯಾಯ ಬೇರೆ ರೂಪದಲ್ಲಿ ಅನ್ವಯಿಸುತ್ತದೆ. ಹೊರಡುವ ಊರಿಗೆ ಸಾಮಾನ್ಯ ಕೋಟಾದ ಸಿಂಹಪಾಲು, ನಡುವಿನ ಊರುಗಳಿಗೆ ಹಂಚಿಕೊಳ್ಳಲು ಒಂದಿಷ್ಟು. ಮುಂಬಯಿ–ಬೆಂಗಳೂರಿನ ಉದ್ಯಾನ ಎಕ್ಸ್‌ಪ್ರೆಸ್ ಸೊಲ್ಲಾಪುರ, ಕಲಬುರಗಿ, ರಾಯಚೂರು, ಆದೋನಿಗಳ ಮೇಲೆ ಹೋಗುತ್ತದೆ. ಗಡಿನಾಡಿನ ಕನ್ನಡಿಗರ ಎಷ್ಟೋ ಊರುಗಳು ಅದರ ದಾರಿಯಲ್ಲಿವೆ. ದಾರಿಯಲ್ಲಿವೆ ಎಂಬುದೇ ಕಷ್ಟ. ಬೆಂಗಳೂರಿನಲ್ಲಿ ಸಂದರ್ಶನವಿರುವ ವಿದ್ಯಾರ್ಥಿಗೆ ನಡುವಿನ ಊರಿನಿಂದ ದೊರೆಯುವುದು ಬಹುಮಟ್ಟಿಗೆ ಕಾಯುವಿಕೆಯ ಪಟ್ಟಿಯಲ್ಲೊಂದು ಸಂಖ್ಯೆ. ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನ ಬಗ್ಗೆ ಸೊಲ್ಲಾಪುರದವರಿಗೆ ಅಷ್ಟೊಂದು ಅಭಿಮಾನವಿರುವುದು ಅದು ಸೊನ್ನಲಿಗೆಯ ಸಿದ್ಧರಾಮನ ಹೆಸರನ್ನು ಹೊತ್ತಿದೆಯೆಂದಷ್ಟೇ ಅಲ್ಲ. ಅದು ಸೊಲ್ಲಾಪುರದಿಂದ ಹೊರಡುತ್ತದೆ ಎಂಬುದಕ್ಕಾಗಿ. ಊರಿಗಾಗಿ ಕೆರೆ ಕಟ್ಟಿಸಿದ ಶರಣನ ಹೆಸರಿನ ರೈಲು ಬೇರೆಲ್ಲಿಂದಲೋ ತುಂಬಿಕೊಂಡು ಬಂದಿದ್ದರೆ ಆ ಅಭಿಮಾನಕ್ಕೆ ಆಧಾರವಿರುತ್ತಿರಲಿಲ್ಲ.

ವ್ಯಾಕರಣ ಓದುವ ವಿದ್ಯಾರ್ಥಿಗಳು ಅಪಾದಾನವನ್ನು ಅಗಲಿಕೆಯ ಕಾರಕವೆಂದು ಕಲಿಯುತ್ತಾರೆ. ಕೇಶಿರಾಜನು ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನೇ ಬೇರೆಯಾಗಿ ಹೇಳಿದ. ಇಂದಿನ ಕನ್ನಡದಲ್ಲಿ ತೃತೀಯೆಯ ‘ಇಂದ’ವೇ ಅದರ ಕೆಲಸವನ್ನೂ ಮಾಡುತ್ತಿದೆ. ‘ಲಾರಿಯಿಂದ ಸಾಗಿಸಿದರು’ ಎಂಬಲ್ಲಿಯೂ ‘ಕೋಲಾಡ್‌ನಿಂದ ಹೊರಟಿತು’ ಎಂಬಲ್ಲಿಯೂ ಒಂದೇ ರೂಪ. ಕೊಂಕಣ ರೈಲ್ವೆಯ ಯೋಜಕರೂ ಈ ಎರಡನ್ನು ಬೆರೆಸಿದಂತೆ ಕಾಣುತ್ತದೆ. ಯಾವುದರಿಂದ ಸಾಗಿಸುವುದು ಎಂಬುದಕ್ಕೆ ಅವರಲ್ಲಿ ಉತ್ತರವಿತ್ತು. ಎಲ್ಲಿಂದ ಎಂಬುದಕ್ಕೂ ಅದೇ ಉತ್ತರ ಸಾಕೆಂದುಕೊಂಡರು.

ಈಗ ಎರಡು ರೈಲುಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಕೊಂಕಣದ ಹಳಿ ರೋಹಾದಿಂದ ವೀರ್‌ವರೆಗೆ 2021ರಲ್ಲಿ ಜೋಡಿಯಾಯಿತು. ಅಲ್ಲಿಂದ ದಕ್ಷಿಣಕ್ಕೆ ಬಹುತೇಕ ಒಂಟಿ ಹಳಿಯೇ. ಎದುರಿನಿಂದ ರೈಲು ಬಂದರೆ ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಮೇಲಾಗಿ ಗಣಪತಿ ಬರುವುದು ಮಳೆಗಾಲದ ವೇಳಾಪಟ್ಟಿ ಜಾರಿಯಲ್ಲಿರುವಾಗ. ಗುಡ್ಡ ಜರಿಯುವ ಭಯದಿಂದ ರೈಲುಗಳ ವೇಗವನ್ನು ತಗ್ಗಿಸಿರುತ್ತಾರೆ. ಇಂಥ ಹಳಿಯ ಮೇಲೆ, ವರ್ಷದಲ್ಲಿಯೇ ಅತಿ ಹೆಚ್ಚು ಜನ ಚಲಿಸುವ ವಾರಗಳಲ್ಲಿ, 40 ಕಾರು ಮತ್ತು ಹೆಚ್ಚೆಂದರೆ 120 ಜನರನ್ನು ಒಯ್ಯುವ ರೈಲಿಗೆ ಒಂದು ದಾರಿಯನ್ನು ಕೊಡಲಾಯಿತು. ಅದೇ ದಾರಿಯಲ್ಲಿ ಇಪ್ಪತ್ತು ಬೋಗಿಗಳ ಸಾಮಾನ್ಯ ರೈಲು ಸಾವಿರಕ್ಕೂ ಹೆಚ್ಚು ಜನರನ್ನು ಒಯ್ಯಬಲ್ಲದು. ಕಾರುಗಳು ಬರಲಿಲ್ಲವೆಂದು ವ್ಯಥೆಪಡುವವರು, ಬಂದಿದ್ದರೆ ಯಾರ ದಾರಿ ಕಟ್ಟುತ್ತಿತ್ತೆಂಬುದನ್ನೂ ಯೋಚಿಸಬೇಕು. ಕೋಲಾಡ್ ತಪ್ಪು ಜಾಗ. ಆಗಸ್ಟ್ ಅದಕ್ಕಿಂತ ದೊಡ್ಡ ತಪ್ಪು.

ಇದರಿಂದ ಕಾರಿನ ರೈಲೇ ಬೇಡವೆಂಬ ನಿರ್ಣಯಕ್ಕೆ ಹೋಗಬೇಕಾಗಿಲ್ಲ. ಕೆಲವು ಗೆಳೆಯರು ಹಾಗೆಯೇ ವಾದಿಸುತ್ತಾರೆ. ಕಾರುಳ್ಳವನ ಸುಖಕ್ಕೆ ಸಾರ್ವಜನಿಕ ಹಳಿಯೇಕೆ ಎಂಬ ಅವರ ಮಾತಿನಲ್ಲಿ ನೈತಿಕ ಬಿಗಿಯಿದೆ. ಆದರೆ 40 ಕಾರುಗಳು ಹೆದ್ದಾರಿಯಿಂದ ಇಳಿದರೆ ಆ ಹೆದ್ದಾರಿಯ ಬಸ್ಸಿನಲ್ಲಿ ಕುಳಿತವನಿಗೂ ಲಾಭವಿದೆ. ಒಬ್ಬ ಮುದುಕ ನಿದ್ದೆಗಣ್ಣಿನಲ್ಲಿ ಕಾರು ಓಡಿಸದಿದ್ದರೆ ಎದುರಿನ ಬೈಕಿನವನು ಮನೆ ಸೇರುತ್ತಾನೆ. ಸೇವೆ ಬೇಕು, ಅದು ಬಡವನ ಹಬ್ಬದ ದಾರಿಯನ್ನು ಕಸಿಯಬಾರದು, ಮತ್ತು ಅದು ಓಡುವ ದೂರ ರೈಲಿಗೆ ತಕ್ಕ ದೂರವಾಗಿರಬೇಕು. ದರದ ವಿಷಯದಲ್ಲಿ ರಿಯಾಯಿತಿ ಕೇಳಬೇಕಾಗಿಲ್ಲ. 900 ಕಿ.ಮೀ.ಗೆ ಪೆಟ್ರೋಲು, ಟೋಲು, ನಡುವಿನ ಒಂದು ರಾತ್ರಿಯ ವಸತಿ ಎಲ್ಲ ಸೇರಿದರೆ ಹತ್ತು ಸಾವಿರದ ಹತ್ತಿರ ತಾನೇ ಹೋಗುತ್ತದೆ. ಕಾರುಳ್ಳವನು ಅದನ್ನು ಕೊಡಬಲ್ಲ, ಕೊಡಲಿ. ಮೂವರ ಮಿತಿಯನ್ನು ಮಾತ್ರ ತೆಗೆಯಬೇಕು. ಇನ್ನೊಂದು ಬೋಗಿ ಜೋಡಿಸಿದರೆ ಆಜಿಗೆ ಜಾಗವಾಗುತ್ತದೆ.

ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಲು ಮಹಾರಾಷ್ಟ್ರವೂ 2025ರಲ್ಲಿ ಸಮ್ಮತಿ ಸೂಚಿಸಿದೆ. ಆ ಕಾರ್ಯ ಪೂರ್ಣಗೊಂಡರೆ ರೋಹಾದ ಗಡಿ ಕಾಗದದ ಮೇಲೂ ಉಳಿಯದು. ಕಳಂಬೋಲಿ ಇನ್ನೊಬ್ಬರದು ಎಂಬ ನೆಪಕ್ಕೆ ಅವಕಾಶವಿರದು. ಅಲ್ಲಿಯವರೆಗೆ ಕಾಯಬೇಕೆಂದೂ ಇಲ್ಲ. ಎರಡು ರೈಲ್ವೆಗಳ ನಡುವೆ ಒಪ್ಪಂದದ ಮೇಲೆ ನಿತ್ಯ ನೂರಾರು ಬೋಗಿಗಳು ಆ ಗಡಿಯನ್ನು ದಾಟುತ್ತಲೇ ಇವೆ. ಪ್ರಯೋಗವನ್ನು ಮತ್ತೆ ಮಾಡುವುದಾದರೆ ಡಿಸೆಂಬರಿನಲ್ಲಿ ಮಾಡಬೇಕು, ಕಳಂಬೋಲಿಯಿಂದ ಸುರತ್ಕಲ್ಲಿಗೆ, ವಾರಕ್ಕೊಂದು. ಆಗ ಮಳೆಗಾಲದ ವೇಳಾಪಟ್ಟಿ ಮುಗಿದಿರುತ್ತದೆ, ಗಣಪತಿ ಹಬ್ಬದ ವಿಶೇಷ ರೈಲುಗಳು ಇರುವುದಿಲ್ಲ, ಕರಾವಳಿಯಲ್ಲಿ ನೇಮ, ಯಕ್ಷಗಾನ, ಮದುವೆಗಳ ಕಾಲ ಆರಂಭವಾಗಿರುತ್ತದೆ. ಅದಕ್ಕೂ ಮೊದಲು, ಒಂದು ಕಾರನ್ನೂ ಏರಿಸುವ ಮುನ್ನ, ರತ್ನಾಗಿರಿಯ ಪ್ಯಾಸೆಂಜರನ್ನು ದಾದರಿಗೆ ಹಿಂದಿರುಗಿಸಬೇಕು.